ಹಾಶಿಯಾ: ಪುಟದ ಅಂಚಿನಿಂದ ಪರದೆಯವರೆಗೆ

ಹನ್ನೊಂದನೆಯ ಶತಮಾನದಲ್ಲಿ ನಡೆದದ್ದೆಂದು ಹೇಳಲಾಗುವ ಒಂದು ಪ್ರಸಂಗವಿದೆ. ಖುರಾಸಾನಿನ ತೂಸ್ ಪಟ್ಟಣದ ವಿದ್ಯಾರ್ಥಿಯೊಬ್ಬ ಜುರ್ಜಾನಿಗೆ ಹೋಗಿ, ಗುರುಗಳ ಪಾಠ ಕೇಳಿ, ಕೇಳಿದ್ದನ್ನೆಲ್ಲ ಬರೆದುಕೊಂಡು ಊರಿಗೆ ಮರಳುತ್ತಿದ್ದ. ದಾರಿಯಲ್ಲಿ ದರೋಡೆಕೋರರು ಅಡ್ಡಗಟ್ಟಿ ಇದ್ದಬದ್ದದ್ದನ್ನೆಲ್ಲ ದೋಚಿದರು. ವಿದ್ಯಾರ್ಥಿ ಅವರ ಬೆನ್ನು ಹತ್ತಿದ. ಬೇರೇನೂ ಬೇಡ, ಟಿಪ್ಪಣಿಗಳ ಗಂಟೊಂದನ್ನು ಕೊಟ್ಟುಬಿಡಿ, ಅದಕ್ಕಾಗಿಯೇ ಊರು ಬಿಟ್ಟು ಹೋಗಿದ್ದೆ ಎಂದು ಅಂಗಲಾಚಿದ. ದರೋಡೆಕೋರರ ನಾಯಕ ನಕ್ಕ. ಗಂಟು ಕಿತ್ತುಕೊಂಡ ಕೂಡಲೇ ಹೋಗಿಬಿಡುವಂಥದ್ದು ಅದೆಂಥ ವಿದ್ಯೆ ಎಂಬುದು ಅವನ ಪ್ರಶ್ನೆ. ಗಂಟನ್ನೇನೋ ಹಿಂದಿರುಗಿಸಿದ. ಆದರೆ ಊರು ಸೇರಿದ ವಿದ್ಯಾರ್ಥಿ ಮುಂದಿನ ಮೂರು ವರ್ಷ ಕುಳಿತು ಆ ಟಿಪ್ಪಣಿಗಳನ್ನು ಕಂಠಪಾಠ ಮಾಡಿದ. ಜಗತ್ತು ಅವನನ್ನು ಮುಂದೆ ಇಮಾಮ್ ಗಝಾಲಿ (1058-1111) ಎಂದು ಗುರುತಿಸಿತು. ಈ ಕತೆಯನ್ನು ನಮಗೆ ತಲುಪಿಸಿದವರು ಹದಿನಾಲ್ಕನೆಯ ಶತಮಾನದ ವಿದ್ವಾಂಸ ತಾಜುದ್ದೀನ್ ಸುಬ್ಕಿ.

ವಿದ್ಯೆ ಇರುವುದು ತಲೆಯಲ್ಲೋ ಕಾಗದದಲ್ಲೋ ಎಂಬ ಈ ಪ್ರಶ್ನೆ ಕಾಗದದಷ್ಟೇ ಹಳೆಯದು. ಪುಸ್ತಕದಲ್ಲಿ ಉಳಿದ ವಿದ್ಯೆಯನ್ನು ಪರರ ಕೈಯಲ್ಲಿರುವ ಹಣಕ್ಕೆ ಹೋಲಿಸುವ ಮಾತು ಸಂಸ್ಕೃತದಲ್ಲಿದೆ. ನಮ್ಮ ಹಳ್ಳಿಯವರಿಗೆ ಇದೇ ವಿಚಾರ ಹೇಳಲು ‘ಪುಸ್ತಕದ ಬದನೆಕಾಯಿ’ ಸಾಕು. ಈಗ ಪುಸ್ತಕ ಕಾಗದವನ್ನೂ ಬಿಟ್ಟು ಪರದೆಗೆ ಬಂದಿದೆ. ಕಾಲೇಜು ವಿದ್ಯಾರ್ಥಿಗಳು ಇ-ಪಠ್ಯಪುಸ್ತಕವನ್ನು ಇಷ್ಟಪಡುತ್ತಾರೋ ಇಲ್ಲವೋ ಎಂದು ವಿಶ್ವವಿದ್ಯಾಲಯಗಳು ಸಮೀಕ್ಷೆಯ ಮೇಲೆ ಸಮೀಕ್ಷೆ ನಡೆಸಿವೆ. ‘ಇಂದಿನ ಮಕ್ಕಳು ಮೊಬೈಲಿನೊಂದಿಗೇ ಹುಟ್ಟಿದವರು, ಅವರಿಗೆ ಪುಸ್ತಕ ಬೇಡ’ ಎಂದು ನಾವು ಹಿರಿಯರು ಹೇಳುತ್ತಿರುತ್ತೇವೆ. ಆದರೆ ಆ ಮಕ್ಕಳು ಕೊಟ್ಟ ಉತ್ತರ ಬೇರೆಯೇ ಇದೆ. ಆ ಉತ್ತರ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಸಹಾಫಿ ಎಂಬ ಬೈಗುಳ

ಇಂದು ಉರ್ದುವಿನಲ್ಲಿ ‘ಸಹಾಫಿ’ ಎಂದರೆ ಪತ್ರಕರ್ತ, ಗೌರವದ ಪದ. ಅದೇ ಮೂಲದಿಂದ ಬಂದ ‘ಸಹಫಿ’ ಎಂಬ ಪದ ಹಳೆಯ ಅರಬಿ ವಿದ್ವತ್ ವಲಯದಲ್ಲಿ ಹೆಚ್ಚುಕಡಿಮೆ ಬೈಗುಳವಾಗಿತ್ತು. ಗುರುವಿನ ಮುಂದೆ ಕೂರದೆ ಬರೀ ಹಾಳೆಗಳನ್ನು ನೋಡಿ ಕಲಿತವನು ಸಹಫಿ. ಅಂಥವನಿಂದ ವಿದ್ಯೆ ಪಡೆಯಬೇಡಿ ಎಂದು ಹಿರಿಯರು ಎಚ್ಚರಿಸುತ್ತಿದ್ದರು. ಇದು ಬರೀ ಮಡಿವಂತಿಕೆ ಅಲ್ಲ. ಆರಂಭದ ಅರಬಿ ಬರವಣಿಗೆಯಲ್ಲಿ ಅಕ್ಷರಗಳ ಚುಕ್ಕೆಗಳನ್ನು ಎಷ್ಟೋ ಸಲ ಇಡುತ್ತಿರಲಿಲ್ಲ. ಒಂದು ಚುಕ್ಕೆ ತಪ್ಪಿದರೆ ಒಂದು ಪದ ಇನ್ನೊಂದಾಗುತ್ತಿತ್ತು. ಹೀಗೆ ತಪ್ಪಾಗಿ ಓದುವುದಕ್ಕೂ ಅದೇ ಮೂಲದ ‘ತಸ್‌ಹೀಫ್’ ಎಂಬ ಹೆಸರು ಬಂತು. ಆದ್ದರಿಂದ ಗುರು ಹೇಳಬೇಕು, ಶಿಷ್ಯ ಬರೆಯಬೇಕು, ಬರೆದದ್ದನ್ನು ಮತ್ತೆ ಗುರುವಿನ ಮುಂದೆ ಓದಿ ಒಪ್ಪಿಸಬೇಕು. ಆಗ ಸಿಗುವುದು ಇಜಾಝತ್, ಅಂದರೆ ಅದನ್ನು ಇತರರಿಗೆ ಕಲಿಸುವ ಅನುಮತಿ.

ಎಂಟನೆಯ ಶತಮಾನದ ಕೊನೆಗೆ ಬಗ್ದಾದಿನಲ್ಲಿ ಕಾಗದ ತಯಾರಾಗತೊಡಗಿದಾಗ ಪುಸ್ತಕಗಳು ಅಗ್ಗವಾದವು. ನಕಲು ಮಾಡಿ ಮಾರುವ ‘ವರ್ರಾಕ್’ಗಳದ್ದೇ ಒಂದು ಬಜಾರು ಹುಟ್ಟಿಕೊಂಡಿತು. ಸಾಹಿತಿ ಅಲ್ ಜಾಹಿಝ್ ರಾತ್ರಿಯ ಹೊತ್ತು ಆ ಅಂಗಡಿಗಳನ್ನೇ ಬಾಡಿಗೆಗೆ ಹಿಡಿದು ಒಳಗೆ ಕುಳಿತು ಓದುತ್ತಿದ್ದರಂತೆ. ಇದನ್ನು ಬರೆದವರು ಸ್ವತಃ ವರ್ರಾಕ್ ಆಗಿದ್ದ, ಹತ್ತನೆಯ ಶತಮಾನದ ಇಬ್ನ್ ಅನ್ನದೀಮ್. ಗುರುವಿಲ್ಲದ ಪುಸ್ತಕದ ಬಗ್ಗೆ ಅನುಮಾನವಿದ್ದ ಸಮಾಜವೇ ಆ ಕಾಲದ ಅತಿ ದೊಡ್ಡ ಪುಸ್ತಕ ಸಂತೆಯನ್ನೂ ಕಟ್ಟಿತು ಎಂಬುದು ಗಮನಿಸಬೇಕಾದ ಸಂಗತಿ. ಹೊಸ ಸಾಧನವನ್ನು ಸಂಶಯದಿಂದ ನೋಡುವುದಕ್ಕೂ ಅದನ್ನು ಬಳಸುವುದಕ್ಕೂ ವಿರೋಧ ಇರಲೇಬೇಕೆಂದಿಲ್ಲ.

ಆ ಸಂಶಯ ಮತ್ತು ಬಳಕೆ ಎರಡೂ ಕೂಡಿದ ಜಾಗವೇ ಪುಟದ ಅಂಚು. ಅರಬಿ, ಫಾರ್ಸಿ ಪಠ್ಯಗಳಲ್ಲಿ ನಡುವಿನ ಮೂಲಪಾಠಕ್ಕೆ ‘ಮತನ್’ ಎಂದು ಹೆಸರು. ಅದರ ವಿವರಣೆ ‘ಶರಹ್’. ಅಂಚಿನಲ್ಲಿ ಬರೆದ ಟಿಪ್ಪಣಿ ‘ಹಾಶಿಯಾ’. ಗುರು ಹೇಳಿದ್ದು, ಶಿಷ್ಯನಿಗೆ ಹೊಳೆದದ್ದು, ಮುಂದಿನ ತಲೆಮಾರಿನವನ ತಕರಾರು ಎಲ್ಲ ಅಲ್ಲಿ ಸೇರುತ್ತಿತ್ತು. ಎಷ್ಟೋ ಸಲ ಹಾಶಿಯಾವೇ ಬೆಳೆದು ಬೇರೆ ಗ್ರಂಥವಾಯಿತು. ಓಲೆಗರಿಯಲ್ಲಿ ಮೂಲದ ಜೊತೆಗೆ ಟೀಕು ಬರೆದಿಟ್ಟ ನಮ್ಮ ಕನ್ನಡ ವಿದ್ವಾಂಸರಿಗೂ ಈ ಅಭ್ಯಾಸ ಪರಕೀಯವೇನಲ್ಲ. ಪಠ್ಯ ಎನ್ನುವುದು ಓದುಗ ಬರೆಯಲು ಜಾಗ ಬಿಟ್ಟ ವಸ್ತು ಎಂಬ ತಿಳಿವಳಿಕೆ ಇದರ ಹಿಂದಿದೆ.

ಮೊಳೆ ಮತ್ತು ಕಲ್ಲು

ಮುದ್ರಣ ಬಂದಾಗ ಏನಾಯಿತು? ಮುಸ್ಲಿಮರು ಧರ್ಮದ ಕಾರಣಕ್ಕೆ ಮುದ್ರಣವನ್ನು ದೂರವಿಟ್ಟರು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಇತಿಹಾಸ ಅಷ್ಟು ಸರಳವಾಗಿಲ್ಲ. ಇಸ್ತಾಂಬುಲಿನಲ್ಲಿ ಇಬ್ರಾಹೀಂ ಮುತಫರ್ರಿಕಾ 1727ರಲ್ಲಿ ಸುಲ್ತಾನರ ಅನುಮತಿ ಪಡೆದು 1729ರಲ್ಲಿ ಮೊದಲ ಪುಸ್ತಕವಾಗಿ ಒಂದು ನಿಘಂಟನ್ನು ಅಚ್ಚುಹಾಕಿದರು. ಧಾರ್ಮಿಕ ಗ್ರಂಥಗಳನ್ನು ಹೊರಗಿಟ್ಟೇ ಕೊಟ್ಟ ಅನುಮತಿ ಅದು, ನಿಜ. ಆದರೆ ಅಡ್ಡಿ ಅದೊಂದೇ ಆಗಿರಲಿಲ್ಲ. ಕೈಬರಹದ ಚೆಲುವಿಗೆ ಒಗ್ಗಿದ ಕಣ್ಣಿಗೆ ಮೊಳೆಗಳ ಅಚ್ಚು ಒರಟಾಗಿ ಕಾಣುತ್ತಿತ್ತು. ಒಂದಕ್ಕೊಂದು ಬೆಸೆದು ಇಳಿಜಾರಾಗಿ ಸಾಗುವ ನಸ್ತಾಲೀಕ್ ಲಿಪಿಯನ್ನು ಬಿಡಿಬಿಡಿ ಮೊಳೆಗಳಲ್ಲಿ ಕೂರಿಸುವುದು ಸುಲಭವಿರಲಿಲ್ಲ. ಇನ್ನು ಮತನಿನ ಸುತ್ತ ಓರೆಯಾಗಿ ಹರಿಯುವ ಹಾಶಿಯಾವನ್ನು ಮೊಳೆಗಳಲ್ಲಿ ಜೋಡಿಸುವ ಕಷ್ಟ ಕೇಳುವುದೇ ಬೇಡ.

ಕಲ್ಕತ್ತೆಯಲ್ಲಿ 1800ರಲ್ಲಿ ಆರಂಭವಾದ ಫೋರ್ಟ್ ವಿಲಿಯಂ ಕಾಲೇಜು ಉರ್ದು ಪಠ್ಯಗಳನ್ನು ಮೊಳೆಯಲ್ಲೇ ಅಚ್ಚುಹಾಕಿಸಿತು. ಆದರೆ ಆ ರೂಪ ಉರ್ದು ಓದುಗರ ಮನಸ್ಸಿಗೆ ಹಿಡಿಸಲಿಲ್ಲ. ಅವರು ಕಾದದ್ದು ಕಲ್ಲಚ್ಚಿಗೆ. ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ 1796ರಲ್ಲಿ ಕಂಡುಹಿಡಿದ ಈ ವಿಧಾನದಲ್ಲಿ ಕಾತಿಬ್ ಕಾಗದದ ಮೇಲೆ ಬರೆದದ್ದು ಹಾಗೆಯೇ ಕಲ್ಲಿಗೆ ಇಳಿದು ನೂರಾರು ಪ್ರತಿಗಳಾಗುತ್ತಿತ್ತು. ಬರಹಗಾರನ ಕೈಯೂ ಉಳಿಯಿತು, ಅಂಚೂ ಉಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಭಾರತದ ಉರ್ದು ಜಗತ್ತು ಕಲ್ಲಚ್ಚನ್ನು ಎರಡೂ ಕೈಗಳಿಂದ ಅಪ್ಪಿಕೊಂಡಿತು. 1858ರಲ್ಲಿ ಲಕ್ನೋದಲ್ಲಿ ಮುದ್ರಣಾಲಯ ತೆರೆದ ಮುನ್ಶಿ ನವಲ್ ಕಿಶೋರ್ ಉರ್ದು, ಫಾರ್ಸಿ, ಅರಬಿ, ಹಿಂದಿ, ಸಂಸ್ಕೃತಗಳಲ್ಲಿ ಸಾವಿರಾರು ಪುಸ್ತಕಗಳನ್ನು ಹೊರತಂದರು. ಕುರ್‌ಆನನ್ನೂ ಮದ್ರಸಗಳ ಪಠ್ಯಗಳನ್ನೂ ಅಷ್ಟೊಂದು ಸಂಖ್ಯೆಯಲ್ಲಿ ಮುಸ್ಲಿಮರ ಮನೆಗಳಿಗೆ ತಲುಪಿಸಿದವರು ಒಬ್ಬ ಹಿಂದೂ ಪ್ರಕಾಶಕರೆಂಬುದನ್ನು ಇಂದಿನ ದಿನಗಳಲ್ಲಿ ಮತ್ತೊಮ್ಮೆ ನೆನೆಯಬೇಕು. ಮದ್ರಸಗಳ ಕಲ್ಲಚ್ಚಿನ ಪುಸ್ತಕಗಳಲ್ಲಿ ನಡುವೆ ನಾಲ್ಕಾರು ಸಾಲು ಮತನ್, ಸುತ್ತ ಮೂರೂ ಕಡೆ ಟಿಪ್ಪಣಿಗಳ ಸಂತೆ. ವಿದ್ಯಾರ್ಥಿಗಳು ಪುಸ್ತಕವನ್ನು ತಿರುಗಿಸಿ ತಿರುಗಿಸಿ ಓದುತ್ತಿದ್ದರು.

ಕನ್ನಡಕ್ಕೂ ಕಲ್ಲಚ್ಚಿನ ಋಣವಿದೆ. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ 1841ರಲ್ಲಿ ಕೆಲಸ ಆರಂಭಿಸಿದ್ದು ಕಲ್ಲಚ್ಚಿನಿಂದ. ಹರ್ಮನ್ ಮೋಗ್ಲಿಂಗ್ 1843ರ ಜುಲೈಯಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಬಂದದ್ದೂ ಕಲ್ಲಿನ ಮೇಲಿಂದಲೇ. ಓದುಗರು ಹೊಸ ಯಂತ್ರವನ್ನು ಬೇಡವೆನ್ನಲಿಲ್ಲ, ತಮ್ಮ ಓದಿನ ರೀತಿಗೆ ಜಾಗವಿರುವ ಯಂತ್ರವನ್ನು ಆರಿಸಿಕೊಂಡರು. ಇದು ಈ ಚರಿತ್ರೆಯ ಪಾಠ. ಪರದೆಯ ವಿಷಯದಲ್ಲಿ ಅಮೆರಿಕದ ವಿದ್ಯಾರ್ಥಿಗಳು ಮಾಡಿದ್ದೂ ಅದನ್ನೇ.

2009ರ ಪ್ರಯೋಗ

ವಿದ್ಯುನ್ಮಾನ ಪುಸ್ತಕದ ಹುಟ್ಟು ಒಬ್ಬ ವಿದ್ಯಾರ್ಥಿಯ ಕೈಯಲ್ಲೇ ಆಯಿತು. ಇಲಿನಾಯ್ ವಿಶ್ವವಿದ್ಯಾಲಯದ ಮೈಕಲ್ ಹಾರ್ಟ್ 1971ರ ಜುಲೈ 4ರಂದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಅಲ್ಲಿನ ದೊಡ್ಡ ಕಂಪ್ಯೂಟರಿಗೆ ಟೈಪ್ ಮಾಡಿ ಯಾರು ಬೇಕಾದರೂ ಪಡೆಯುವಂತೆ ಮಾಡಿದರು. ಪ್ರಾಜೆಕ್ಟ್ ಗುಟನ್‌ಬರ್ಗ್ ಆರಂಭವಾದದ್ದು ಹಾಗೆ. ಪುಸ್ತಕ ಎಲ್ಲರಿಗೂ ಉಚಿತವಾಗಿ ಸಿಗಬೇಕು ಎಂಬುದು ಅವರ ಕನಸು. ಮಾರುಕಟ್ಟೆಯ ಕನಸು ಬೇರೆ. 2007ರಲ್ಲಿ ಅಮೆರಿಕದ ದೊಡ್ಡ ಪಠ್ಯಪುಸ್ತಕ ಕಂಪೆನಿಗಳು ಸೇರಿ ಕೋರ್ಸ್‌ಸ್ಮಾರ್ಟ್ ಎಂಬ ಸಂಸ್ಥೆ ಕಟ್ಟಿದವು. ಇ-ಪಠ್ಯಪುಸ್ತಕದ ಬೆಲೆ ಅಚ್ಚಿನದಕ್ಕಿಂತ ಕಡಿಮೆ. ಆದರೆ ಅವಧಿ ಮುಗಿದ ಕೂಡಲೇ ಪುಸ್ತಕ ತೆರೆಯುವುದಿಲ್ಲ. ಕೊಂಡದ್ದು ಪುಸ್ತಕವನ್ನಲ್ಲ, ಅದನ್ನು ನೋಡುವ ಅನುಮತಿಯನ್ನು.

ಅದೇ 2007ರಲ್ಲಿ ಅಮೆಝಾನ್ ಕಿಂಡಲ್ ಬಂತು. 2009ರಲ್ಲಿ ಪಠ್ಯಪುಸ್ತಕಗಳನ್ನು ಕಣ್ಣಲ್ಲಿಟ್ಟುಕೊಂಡು ದೊಡ್ಡ ಪರದೆಯ ಕಿಂಡಲ್ ಡಿಎಕ್ಸ್ ಬಿಡುಗಡೆಯಾಯಿತು. ಬೆಲೆ 489 ಡಾಲರ್. ಪ್ರಿನ್ಸ್‌ಟನ್, ರೀಡ್ ಕಾಲೇಜು, ಅರಿಝೋನಾ ಸ್ಟೇಟ್, ಕೇಸ್ ವೆಸ್ಟರ್ನ್ ರಿಸರ್ವ್, ಪೇಸ್, ವರ್ಜೀನಿಯಾದ ಡಾರ್ಡನ್ ಮ್ಯಾನೇಜ್‌ಮೆಂಟ್ ಶಾಲೆ ಇವುಗಳಲ್ಲಿ ಆ ವರ್ಷ ಅದನ್ನು ವಿದ್ಯಾರ್ಥಿಗಳ ಕೈಗಿಟ್ಟು ಪ್ರಯೋಗ ನಡೆಸಿದರು. ಪ್ರಿನ್ಸ್‌ಟನ್‌ನಲ್ಲಿ ಮೂರು ತರಗತಿಗಳ ಸುಮಾರು ಐವತ್ತು ವಿದ್ಯಾರ್ಥಿಗಳು ಭಾಗವಹಿಸಿದರು. ಅಚ್ಚುಹಾಕುವ ಕಾಗದ ಸುಮಾರು ಅರ್ಧಕ್ಕೆ ಇಳಿಯಿತು. ಚೀಲ ಹಗುರವಾಯಿತು. ಪರದೆ ಕಣ್ಣಿಗೆ ಹಿತವಾಗಿತ್ತು. ಇದನ್ನೆಲ್ಲ ವಿದ್ಯಾರ್ಥಿಗಳು ಮೆಚ್ಚಿಕೊಂಡರು.

ಅವರ ದೂರು ಬೇರೆಡೆ ಇತ್ತು. ಸಾಲಿನ ಕೆಳಗೆ ಗೆರೆ ಎಳೆಯುವುದು, ಅಂಚಿನಲ್ಲಿ ಬರೆಯುವುದು ಯಾತನೆಯಾಗಿತ್ತು. ಪುಟಸಂಖ್ಯೆ ಇರಲಿಲ್ಲ, ಅದರ ಬದಲು ಏನೋ ಒಂದು ‘ಸ್ಥಾನಸಂಖ್ಯೆ’ ಇತ್ತು. ತರಗತಿಯಲ್ಲಿ ಅಧ್ಯಾಪಕರು ಇಂಥ ಪುಟ ತೆರೆಯಿರಿ ಎಂದರೆ ಹುಡುಕುತ್ತ ಕೂರಬೇಕು. ಎರಡು ಲೇಖನಗಳನ್ನು ಅಕ್ಕಪಕ್ಕ ಇಟ್ಟು ನೋಡಲಾಗದು. ಸರಸರನೆ ಹಾಳೆ ಮಗುಚಿ ಹಿಂದಕ್ಕೂ ಮುಂದಕ್ಕೂ ಹೋಗಲಾಗದು. ಡಾರ್ಡನ್‌ನಲ್ಲಿ ಬಹುಪಾಲು ವಿದ್ಯಾರ್ಥಿಗಳು ಮುಂದಿನ ವರ್ಷ ಬರುವವರಿಗೆ ಓದಿಗಾಗಿ ಇದನ್ನು ಶಿಫಾರಸು ಮಾಡುವುದಿಲ್ಲ ಎಂದರು. ಬಿಡುವಿನ ಓದಿಗೆ ಕೊಳ್ಳಬಹುದೇ ಎಂದು ಕೇಳಿದಾಗ ಅವರಲ್ಲೇ ಹೆಚ್ಚಿನವರು ಧಾರಾಳವಾಗಿ ಕೊಳ್ಳಬಹುದೆಂದರು. ಕತೆ ಕಾದಂಬರಿ ಓದುವುದು ಬೇರೆ, ಪಠ್ಯದೊಂದಿಗೆ ಗುದ್ದಾಡುವುದು ಬೇರೆ ಎಂಬುದನ್ನು ಆ ಯುವಕರು ಸ್ಪಷ್ಟವಾಗಿ ಕಂಡುಕೊಂಡಿದ್ದರು. ಅವರು ಕೇಳಿದ್ದು ಹಾಶಿಯಾವನ್ನು.

ಅದೇ 2009ರ ಜುಲೈಯಲ್ಲಿ ಇನ್ನೊಂದು ಘಟನೆ ನಡೆಯಿತು. ಜಾರ್ಜ್ ಆರ್ವೆಲ್ಲರ ‘1984’ ಮತ್ತು ‘ಅನಿಮಲ್ ಫಾರ್ಮ್’ ಕೃತಿಗಳನ್ನು ಕಿಂಡಲ್‌ನಲ್ಲಿ ಮಾರಿದ ಪ್ರಕಾಶಕನಿಗೆ ಹಕ್ಕು ಇರಲಿಲ್ಲವೆಂದು ತಿಳಿದಾಗ, ಕೊಂಡವರ ಉಪಕರಣಗಳಿಂದಲೇ ಅಮೆಝಾನ್ ದೂರದಿಂದ ಆ ಪುಸ್ತಕಗಳನ್ನು ಅಳಿಸಿಹಾಕಿತು. ದುಡ್ಡೇನೋ ಹಿಂದಿರುಗಿಸಿತು. ಮಿಶಿಗನ್‌ನ ಹದಿನೇಳರ ವಿದ್ಯಾರ್ಥಿಯೊಬ್ಬ ಶಾಲೆಯ ಕೆಲಸಕ್ಕಾಗಿ ಆ ಕಾದಂಬರಿ ಓದುತ್ತ ಟಿಪ್ಪಣಿ ಮಾಡಿಕೊಂಡಿದ್ದ. ಟಿಪ್ಪಣಿಗಳು ಉಳಿದವು, ಅವು ಯಾವ ಸಾಲಿಗೆ ಸೇರಿದವೋ ಆ ಪುಸ್ತಕವೇ ಮಾಯವಾಗಿತ್ತು. ಅವನು ಮೊಕದ್ದಮೆ ಹೂಡಿದ. ಕಂಪೆನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು, ಪ್ರಕರಣ ಒಪ್ಪಂದದಲ್ಲಿ ಮುಗಿಯಿತು. ಗಝಾಲಿಯವರನ್ನು ದೋಚಿದ ಕಳ್ಳರಾದರೂ ಟಿಪ್ಪಣಿಗಳ ಗಂಟನ್ನು ಪೂರ್ತಿಯಾಗಿ ಹಿಂದಿರುಗಿಸಿದ್ದರು!

ಹತ್ತು ವರ್ಷಗಳ ನಂತರ, 2019ರ ಜುಲೈಯಲ್ಲಿ, ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಕೊಂಡವರೆಲ್ಲರ ಪುಸ್ತಕಗಳೂ ಹೋದವು. ಬೆಲೆ ವಾಪಸಾಯಿತು. ಟಿಪ್ಪಣಿ ಮಾಡಿಕೊಂಡವರಿಗೆ ಹೆಚ್ಚುವರಿಯಾಗಿ 25 ಡಾಲರ್ ಜಮೆ ಮಾಡಲಾಯಿತು. ಅಂಚಿನ ಬರಹಕ್ಕೆ ಮಾರುಕಟ್ಟೆ ಕಟ್ಟಿದ ಬೆಲೆ ಅದು.

ಕಲಿತೆವೆಂಬ ಭ್ರಮೆ

ಯಂತ್ರಗಳು ಸುಧಾರಿಸಿದ ಮೇಲಾದರೂ ವಿದ್ಯಾರ್ಥಿಗಳ ಮನಸ್ಸು ಬದಲಾಯಿತೇ? ಭಾಷಾವಿಜ್ಞಾನಿ ನವೋಮಿ ಬ್ಯಾರನ್ ಅಮೆರಿಕ, ಜಪಾನ್, ಜರ್ಮನಿ, ಸ್ಲೊವಾಕಿಯಾ ಮತ್ತು ಭಾರತದ 400ಕ್ಕೂ ಹೆಚ್ಚು ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಪ್ರಶ್ನಿಸಿದ್ದರು. ಮನಸ್ಸು ನಿಲ್ಲುವುದು ಅಚ್ಚಿನ ಪುಸ್ತಕದಲ್ಲೇ ಎಂದವರು ಶೇ. 92. 2018ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆ 21 ದೇಶಗಳ 10,293 ವಿದ್ಯಾರ್ಥಿಗಳನ್ನು ಒಳಗೊಂಡಿತ್ತು. ಅಲ್ಲಿಯೂ ಬಹುಮತ ಕಾಗದಕ್ಕೇ, ಅದರಲ್ಲೂ ಪಠ್ಯ ದೊಡ್ಡದಾದಷ್ಟೂ ಕಾಗದಕ್ಕೆ.

ಇದು ಬರೀ ಇಷ್ಟಾನಿಷ್ಟದ ಮಾತೇ? ಇಸ್ರೇಲಿನ ಸಂಶೋಧಕರಾದ ಆಕರ್‌ಮನ್ ಮತ್ತು ಗೋಲ್ಡ್‌ಸ್ಮಿತ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಷ್ಟು ಹೊತ್ತು ಓದಬೇಕೆಂಬುದನ್ನು ವಿದ್ಯಾರ್ಥಿಗಳಿಗೇ ಬಿಟ್ಟಾಗ ಪರದೆಯಲ್ಲಿ ಓದಿದವರು ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಆದರೂ ತಮಗೆ ಚೆನ್ನಾಗಿ ಅರ್ಥವಾಗಿದೆ ಎಂಬ ನಂಬಿಕೆ ಅವರಲ್ಲೇ ಹೆಚ್ಚಾಗಿತ್ತು. 2018ರಲ್ಲಿ ಸ್ಪೇನಿನ ಮತ್ತು ಇಸ್ರೇಲಿನ ಸಂಶೋಧಕರ ತಂಡವೊಂದು 54 ಅಧ್ಯಯನಗಳನ್ನು, ಒಟ್ಟು 1,71,055 ಓದುಗರ ಫಲಿತಾಂಶಗಳನ್ನು ಒಟ್ಟಿಗೆ ತೂಗಿ ನೋಡಿತು. ಮಾಹಿತಿಯ ಬರಹಗಳಲ್ಲಿ, ಅದರಲ್ಲೂ ಸಮಯದ ಒತ್ತಡವಿದ್ದಾಗ, ಕಾಗದದ ಓದು ಮೇಲುಗೈ ಪಡೆಯಿತು. ವ್ಯತ್ಯಾಸ ದೊಡ್ಡದಲ್ಲ. ಆದರೆ 2000ದಿಂದ 2017ರವರೆಗೆ ಅದು ಕುಗ್ಗುವ ಬದಲು ಹಿಗ್ಗಿತ್ತು. ಕತೆಗಳ ಓದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಹಳೆಯ ಗುರುಗಳು ಸಹಫಿಯ ಬಗ್ಗೆ ಹೇಳುತ್ತಿದ್ದುದೂ ಇದನ್ನೇ. ಅವನ ದೋಷ ಅರಿಯದಿರುವುದಲ್ಲ, ಅರಿತೆನೆಂದು ತಿಳಿಯುವುದು. ಒಪ್ಪಿಸುವ ಪದ್ಧತಿ ಇದ್ದದ್ದು ಆ ಭ್ರಮೆಯನ್ನು ಒಡೆಯಲಿಕ್ಕೆ.

ಅಂಚಿನಲ್ಲಿ ನಿಂತವರು

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನ ಕಾಗದದ ಹೊಗಳಿಕೆಯಾಗುತ್ತದೆ. ಉರ್ದುವಿನಲ್ಲಿ ‘ಹಾಶಿಯೆ ಪರ್’ ಎಂದರೆ ಬದಿಗೆ ಸರಿಸಲ್ಪಟ್ಟವರು ಎಂಬ ಅರ್ಥವೂ ಇದೆ. ಅವರ ಕಡೆಯಿಂದ ನೋಡಿದರೆ ಚಿತ್ರ ಬದಲಾಗುತ್ತದೆ.

2009ರ ಆ ಪ್ರಯೋಗವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವರು ಅಂಧ ವಿದ್ಯಾರ್ಥಿಗಳ ಪರವಾದ ಸಂಘಟನೆಗಳು. ಕಿಂಡಲ್ ಡಿಎಕ್ಸ್ ಪುಸ್ತಕವನ್ನು ಗಟ್ಟಿಯಾಗಿ ಓದಬಲ್ಲದಾಗಿತ್ತು. ಆದರೆ ಪುಸ್ತಕ ಆರಿಸುವ ಪಟ್ಟಿಗೆ ಮಾತ್ರ ದನಿ ಇರಲಿಲ್ಲ. ಕಣ್ಣಿಲ್ಲದವರು ಆ ಬಾಗಿಲು ದಾಟುವುದು ಹೇಗೆ? ಅರಿಝೋನಾ ಸ್ಟೇಟ್ ಮತ್ತಿತರ ಸಂಸ್ಥೆಗಳು 2010ರ ಆರಂಭದಲ್ಲಿ ಒಪ್ಪಂದಕ್ಕೆ ಬಂದವು. ಅಂಧರಿಗೂ ಬಳಸಲು ಬಾರದ ಉಪಕರಣವನ್ನು ತರಗತಿಗೆ ತರುವುದಿಲ್ಲವೆಂದು ಮಾತುಕೊಟ್ಟವು. ಅಚ್ಚಿನ ಪುಸ್ತಕ ಅಂಧ ವಿದ್ಯಾರ್ಥಿಗೆ ಎಂದೂ ಮುಚ್ಚಿದ ಬಾಗಿಲೇ. ಅವರಿಗೆ ವಿದ್ಯುನ್ಮಾನ ಪುಸ್ತಕ ಒಂದು ಅನುಕೂಲವಲ್ಲ, ಹಕ್ಕು. ಭಾರತ ತನ್ನ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಇದಕ್ಕಾಗಿ ತಿದ್ದುಪಡಿ ತಂದಿತು. 2013ರ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ನಮ್ಮದೇ.

ಬಡ ವಿದ್ಯಾರ್ಥಿಯ ಪುಸ್ತಕ ಯಾವುದು? ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಪುಸ್ತಕ, ಇಲ್ಲವೇ ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿ. ಹಳೆಯ ಪುಸ್ತಕದ ಅಂಚಿನಲ್ಲಿ ಹಿಂದೆ ಓದಿದವರ ಗೆರೆಗಳೂ ‘ಇಂಪಾರ್ಟೆಂಟ್’ ಎಂಬ ಬರಹವೂ ಇರುತ್ತದೆ. ಅದೂ ಒಂದು ಹಾಶಿಯಾವೇ. ಅವಧಿ ಮುಗಿದ ಇ-ಪುಸ್ತಕವನ್ನು ಯಾರೂ ತಮ್ಮನಿಗೆ ಕೊಡಲಾರರು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಟೇಲರ್ ಆಂಡ್ ಫ್ರಾನ್ಸಿಸ್ ಪ್ರಕಾಶನ ಸಂಸ್ಥೆಗಳು ದೆಹಲಿ ವಿಶ್ವವಿದ್ಯಾಲಯದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ಮೊಕದ್ದಮೆ ಹೂಡಿದಾಗ ವಿದ್ಯಾರ್ಥಿಗಳೇ ಸಂಘ ಕಟ್ಟಿ ಪ್ರಕರಣದಲ್ಲಿ ಕಕ್ಷಿಗಾರರಾದರು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಮೊಕದ್ದಮೆಯನ್ನು ವಜಾ ಮಾಡಿತು. ವಿಭಾಗೀಯ ಪೀಠ ಕೆಲವು ಪ್ರಶ್ನೆಗಳನ್ನು ವಿಚಾರಣೆಗೆ ಮರಳಿಸಿದರೂ 2017ರ ಮಾರ್ಚಿನಲ್ಲಿ ಪ್ರಕಾಶಕರೇ ಹಿಂದೆ ಸರಿದರು. ಕಲಿಕೆಯ ಅಗತ್ಯಕ್ಕೆ ಮಾಡಿಕೊಳ್ಳುವ ನಕಲಿಗೆ ನಮ್ಮ ಕಾನೂನಿನಲ್ಲಿ ಜಾಗವಿದೆ ಎಂಬುದು ಆಗ ದೃಢವಾಯಿತು.

2020ರಲ್ಲಿ ಕೊರೊನಾ ಬಂದಾಗ ಯಾರ ಇಷ್ಟವನ್ನೂ ಯಾರೂ ಕೇಳಲಿಲ್ಲ. ಎನ್‌ಸಿಇಆರ್‌ಟಿಯ ಇ-ಪಾಠಶಾಲಾ 2015ರಿಂದ ಇತ್ತು, ಖರಗ್‌ಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರಲ್ಲಿ ಎಲ್ಲರಿಗೂ ತೆರೆದಿತ್ತು. ಆದರೆ ನಮ್ಮ ಹೆಚ್ಚಿನ ವಿದ್ಯಾರ್ಥಿಗಳಿಗೆ ಇ-ಪಠ್ಯಪುಸ್ತಕ ಎಂದರೆ ವಾಟ್ಸಾಪಿನಲ್ಲಿ ಬಂದ ಪಿಡಿಎಫ್. ಅದನ್ನು ಅಂಗೈಯಗಲದ ಮೊಬೈಲಿನಲ್ಲಿ, ಅದೂ ಮನೆಗೆಲ್ಲ ಒಂದೇ ಇದ್ದರೆ ತಂದೆಯೋ ಅಣ್ಣನೋ ಕೆಲಸದಿಂದ ಬಂದ ಮೇಲೆ ಓದಬೇಕು. ಅಂಥ ಮನೆಗಳಲ್ಲಿ ಹೆಣ್ಣುಮಕ್ಕಳ ಸರದಿ ಕೊನೆಗೆ ಬರುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಸಮೀಕ್ಷೆಗಳು ಕೇಳುವ ‘ಯಾವುದು ಇಷ್ಟ’ ಎಂಬ ಪ್ರಶ್ನೆ ಇಲ್ಲಿ ‘ಯಾವುದು ಸಿಕ್ಕಿತು’ ಎಂದಾಗುತ್ತದೆ.

ಭಾಷೆಯ ಅಂಚೂ ಇದೆ. ನಸ್ತಾಲೀಕ್ ಕಂಪ್ಯೂಟರಿಗೆ ಇಳಿಯಲು 1981ರವರೆಗೆ ಕಾಯಬೇಕಾಯಿತು. ಪಾಕಿಸ್ತಾನದ ಅಹ್ಮದ್ ಮಿರ್ಝಾ ಜಮೀಲ್ ಸಾವಿರಾರು ಅಕ್ಷರಗುಚ್ಛಗಳನ್ನು ಕೈಯಿಂದ ಬರೆದು ‘ನೂರಿ ನಸ್ತಾಲೀಕ್’ ರೂಪಿಸಿದ ಮೇಲೆಯೇ ಅದು ಸಾಧ್ಯವಾದದ್ದು. ಕನ್ನಡದಲ್ಲಿ 1998ರಲ್ಲಿ ಬರಹ, ಅನಂತರ ನುಡಿ ಬಂದು ಬರೆಯುವವರಿಗೆ ದೊಡ್ಡ ಉಪಕಾರವಾಯಿತು. ಆದರೆ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿ ಜೋಡಿಸಿದ ಪುಸ್ತಕಗಳನ್ನು ಕಂಪ್ಯೂಟರ್ ಕನ್ನಡವೆಂದು ಗುರುತಿಸುವುದಿಲ್ಲ. ಅಲ್ಲಿ ಪದ ಹುಡುಕಲಾಗದು, ಅಂಧರಿಗಾಗಿ ಗಟ್ಟಿಯಾಗಿ ಓದಿಸಲೂ ಆಗದು. 2016ರ ಡಿಸೆಂಬರಿನಲ್ಲಿ ಅಮೆಝಾನ್ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳನ್ನು ತಂದಾಗ ಆ ಪಟ್ಟಿಯಲ್ಲಿ ಕನ್ನಡವೂ ಇರಲಿಲ್ಲ, ಉರ್ದುವೂ ಇರಲಿಲ್ಲ. ಇಂಗ್ಲಿಷಿನ ವಿದ್ಯಾರ್ಥಿ ಪರದೆಯನ್ನು ಬೇಡ ಎನ್ನುವಾಗ ನಮ್ಮ ವಿದ್ಯಾರ್ಥಿಗೆ ಬೇಡ ಎನ್ನುವ ಅವಕಾಶವೂ ಬಂದಿರಲಿಲ್ಲ.

ಆದ್ದರಿಂದ ಕಾಗದವೋ ಪರದೆಯೋ ಎಂಬ ಜಗಳದಲ್ಲಿ ಹೆಚ್ಚು ಅರ್ಥವಿಲ್ಲ. ಬಗ್ದಾದಿನ ವಿದ್ಯಾರ್ಥಿ, ಲಕ್ನೋದ ಕಲ್ಲಚ್ಚಿನ ಓದುಗ, ಪ್ರಿನ್ಸ್‌ಟನ್ನಿನ ಹುಡುಗಿ ಕೇಳಿದ್ದು ಹೆಚ್ಚುಕಡಿಮೆ ಒಂದನ್ನೇ: ಓದಿದ್ದರ ಪಕ್ಕದಲ್ಲಿ ತನ್ನ ಮಾತು ಬರೆಯಲು ಜಾಗ, ಮತ್ತು ಆ ಜಾಗ ನಾಳೆಯೂ ಇರುತ್ತದೆಂಬ ಭರವಸೆ. ಇ-ಪಠ್ಯಗಳನ್ನು ಸಿದ್ಧಪಡಿಸುವ ನಮ್ಮ ವಿಶ್ವವಿದ್ಯಾಲಯಗಳಿಂದ ಕೇಳಬೇಕಾದದ್ದೂ ಅಷ್ಟೇ. ಪಠ್ಯ ಯೂನಿಕೋಡ್ ಕನ್ನಡದಲ್ಲಿರಲಿ, ಅಂಧ ವಿದ್ಯಾರ್ಥಿಗೂ ಕೇಳಿಸಲಿ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ತೆರೆಯಲಿ, ಅವಧಿ ಮುಗಿಯದಿರಲಿ. ಪುಟಸಂಖ್ಯೆ ಇರಲಿ, ಟಿಪ್ಪಣಿಗೆ ಎಡೆಯಿರಲಿ. ಅದರ ಎರಡು ಅಚ್ಚಿನ ಪ್ರತಿಗಳಾದರೂ ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿರಲಿ. ಇನ್ನು ಓದಿದ್ದನ್ನು ಒಪ್ಪಿಸಿಕೊಳ್ಳುವ ಕೆಲಸ ಅಧ್ಯಾಪಕರದ್ದು. ಅದನ್ನು ಯಾವ ಯಂತ್ರಕ್ಕೂ ಬಿಟ್ಟುಕೊಡದಿರುವುದು ಒಳ್ಳೆಯದು.